ಸೀಲಪ್ಪನವರ ‘ನೋಡೋಣ’

ಹೆಂಡತಿ ತಮ್ಮನ್ನು ‘ರೀ’ ಎಂದು ಕರೆಯುವುದನ್ನು ನಿಲ್ಲಿಸಿ ಹತ್ತು ತಿಂಗಳಾಯಿತೆಂಬ ಸಂಗತಿ ಸೀಲಪ್ಪನವರ ಗಮನಕ್ಕೆ ಬಂದದ್ದು ಹನ್ನೊಂದನೆಯ ತಿಂಗಳಲ್ಲಿ. ಬಂದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ಸಂತೋಷಪಟ್ಟದ್ದು.

ಯಾಕೆ ಪಡಬಾರದು ಹೇಳಿ? ‘ರೀ’ ಎಂಬುದು ನೋಡಲು ಒಂದೇ ಅಕ್ಷರ. ಆದರೆ ಅದು ಒಂಟಿಯಾಗಿ ಬಂದದ್ದುಂಟೇ? ರೀ, ಕೊಳಾಯಿ ಸೋರುತ್ತೆ. ರೀ, ಕದದ ತಿರುಪು ಕಳಚಿದೆ. ರೀ, ಕಿವಿ ಕೇಳಿಸ್ತಾ ಇದೆಯೋ ಇಲ್ವೋ. ಇಪ್ಪತ್ತೆಂಟು ವರ್ಷ ಹೀಗೆ ಬಾಳಿದ ಗಂಡಸಿಗೆ ಮನೆ ಇದ್ದಕ್ಕಿದ್ದಂತೆ ತಣ್ಣಗಾದರೆ ಅದು ಪೂರ್ವಜನ್ಮದ ಪುಣ್ಯವಲ್ಲದೆ ಮತ್ತೇನು?

ಸೀಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನಗರಸಭೆ ಕಚೇರಿ ಇಟ್ಟದ್ದು. ಒಳಬರುವ ಪ್ರತಿ ಕಾಗದದ ಬಲಮೂಲೆಗೆ ‘ಸ್ವೀಕರಿಸಲಾಗಿದೆ’ ಎಂಬ ಸೀಲು ಒತ್ತಿ, ತಾರೀಕು ಹಾಕಿ, ಕೆಳಗೆ ಎರಡಕ್ಷರದ ಸಹಿ ಗೀಚಿ ಕಡತದ ಕಟ್ಟಿಗೆ ಸೇರಿಸುವುದು ಅವರ ಕೆಲಸ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಕಾಗದವನ್ನಾದರೂ ಓದಿದರೆಂಬ ಅಪವಾದ ಅವರ ಮೇಲಿಲ್ಲ. (ಓದುವುದು ಮೂರನೆಯ ಮೇಜಿನ ಕೆಲಸ. ಮೂರನೆಯ ಮೇಜು ಖಾಲಿ ಬಿದ್ದು ಆರು ವರ್ಷವಾಗಿದೆ.)

ಮನೆಯಲ್ಲಿ ಇಂಕಿನ ಸೀಲು ನಡೆಯುವುದಿಲ್ಲವಲ್ಲ, ಅಲ್ಲಿಗೆ ಅವರು ಬಾಯಲ್ಲೇ ಒಂದು ಸೀಲು ಮಾಡಿಕೊಂಡಿದ್ದರು: ‘ನೋಡೋಣ.’ ಬಹಳ ಸೊಗಸಾದ ಮಾತು ಅದು. ಇಲ್ಲ ಎಂದರೆ ಜಗಳ, ಹೂಂ ಎಂದರೆ ಕೆಲಸ, ನೋಡೋಣ ಎಂದರೆ ಎರಡೂ ಇಲ್ಲ. ಮೇಲಾಗಿ ಅದು ಬಹುವಚನ. ನೋಡುವ ಜವಾಬ್ದಾರಿಯಲ್ಲಿ ಅರ್ಧ ಭಾಗ ಕೇಳಿದವರ ತಲೆಗೇ ಹೋಗುತ್ತದೆ.

ಹೆಂಡತಿ ಮೌನವಾದ ಸುದ್ದಿಯನ್ನು ಕಚೇರಿಯಲ್ಲಿ ಸಾರಿದಾಗ ಎಲ್ಲರೂ ಕೈಕುಲುಕಿದರು. ಜೀಪಿನ ಡ್ರೈವರ್ ಮಾತ್ರ ತಲೆ ಕೆರೆದುಕೊಂಡ.

“ಬೈಯೋದೂ ಇಲ್ವಾ ಸಾರ್?”

“ಇಲ್ಲಪ್ಪ. ಊಟ ಬಡಿಸ್ತಾಳೆ, ಕೇಳಿದ್ದಕ್ಕೆ ಹೂಂ, ಊಹೂಂ ಅಂತಾಳೆ. ಪರಮ ಶಾಂತಿ!”

“ಅದು ಶಾಂತಿ ಅಲ್ಲ ಸಾರ್. ಇಂಜಿನ್ ಆಫ್ ಆಗಿದೆ. ಇಳಿಜಾರಲ್ಲಿ ಗಾಡಿ ಹಾಗೇ ಹೋಗ್ತಾ ಇರುತ್ತೆ, ಗೊತ್ತಾಗಲ್ಲ.”

ಸೀಲಪ್ಪನವರು ನಕ್ಕುಬಿಟ್ಟರು. ಹತ್ತು ತಿಂಗಳ ಹಿಂದೆ, ಬಿಸಿಗಾಳಿ ಬೀಸಿದ ವಾರದಲ್ಲಿ, ಮಹಡಿ ಮೇಲಿನ ಕೋಣೆಯಲ್ಲಿದ್ದ ಅವರ ಮಾವ ತೀರಿಕೊಂಡಿದ್ದರು. ವಯಸ್ಸಾಗಿತ್ತು ಎಂದರು ನೆಂಟರು. ವಯಸ್ಸಾಗಿತ್ತು ಎಂದರು ಡಾಕ್ಟರು. ಹೆಂಡತಿಯ ‘ರೀ’ ನಿಂತದ್ದೂ ಅದೇ ವಾರ. ಎರಡನ್ನೂ ಕೂಡಿಸಿ ನೋಡುವುದು ಮೂರನೆಯ ಮೇಜಿನ ಕೆಲಸ.

ಕಚೇರಿಯಲ್ಲಿ ಸುದ್ದಿ ಸಾರಿದ ಆ ದಿನಗಳಲ್ಲೇ ಟಿವಿಯಲ್ಲಿ ಎಲ್ಲೋ ಒಂದು ದೊಡ್ಡ ಸಮ್ಮೇಳನ. ಕೋಟು ಹಾಕಿಕೊಂಡವರು ಒಬ್ಬರಿಗೊಬ್ಬರು ಚಪ್ಪಾಳೆ ತಟ್ಟಿಕೊಂಡು, ಇನ್ನು ಇಪ್ಪತ್ತೈದು ವರ್ಷದೊಳಗೆ ಹೊಗೆ ಇಳಿಸುತ್ತೇವೆ, ಭೂಮಿ ತಂಪು ಮಾಡುತ್ತೇವೆ ಎಂದು ಮಾತು ಕೊಟ್ಟರು. ಸೀಲಪ್ಪನವರು ಹಾಲ್‌ನಲ್ಲಿ ಕೂತು ತೊಡೆ ತಟ್ಟಿ ಸಿಡಿದೆದ್ದರು.

“ಕೇಳಿದೆಯೇನೇ ಇವಳೇ? ಇಪ್ಪತ್ತೈದು ವರ್ಷ ಅಂತೆ! ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ! ಜನ ಬಿಸಿಲಿಗೆ ಸಾಯ್ತಾ ಇದ್ದರೆ ಇವರು ಮುಂದೂಡ್ತಾ ಕೂತಿದ್ದಾರೆ. ನಾಚಿಕೆ ಆಗಬೇಕು!”

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

“ನಮ್ಮ ಕಚೇರೀನೇ ವಾಸಿ,” ಎಂದು ಸೀಲಪ್ಪನವರು ಮುಂದುವರಿಸಿದರು. “‘ತಾಪಮಾನ ವೈಪರೀತ್ಯ ನಿಭಾವಣಾ ಸಮಗ್ರ ಕ್ರಿಯಾ ಯೋಜನೆ’ ಅಂತ ಕರಡು ಬಿಟ್ಟಿದ್ದೀವಿ. ಮೂವತ್ತು ದಿನದೊಳಗೆ ಯಾರು ಬೇಕಾದರೂ ಸಲಹೆ ಬರೆಯಬಹುದು. ಆದರೆ ಬರೆಯೋರ್ಯಾರು? ಈ ದೇಶದಲ್ಲಿ ನಾಗರಿಕರೇ ಇಲ್ಲ, ಬರೀ ಜನ ಇದ್ದಾರೆ!”

ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೆಂಡತಿ ಬಾಗಿಲಿಗೆ ಬಂದು ನಿಂತಳು. “ಯಾರಿಗೆ ಬರೀಬೇಕು?” ಎಂದು ಕೇಳಿದಳು. ಹತ್ತು ತಿಂಗಳಲ್ಲಿ ಅವಳು ತಾನಾಗಿ ಆಡಿದ ಮೊದಲ ಪೂರ್ತಿ ವಾಕ್ಯ ಅದು. ಸೀಲಪ್ಪನವರು ವಿಳಾಸ ಹೇಳಿ ಟಿವಿ ಕಡೆ ತಿರುಗಿದರು.

ಮೂವತ್ತು ದಿನದಲ್ಲಿ ನಲವತ್ತೊಂದು ಕಾಗದ ಬಂದವು. ನಲವತ್ತೊಂದಕ್ಕೂ ಸೀಲು ಬಿತ್ತು. ಕೊನೆಗೆ ಸಭಾಂಗಣದಲ್ಲಿ ಸಾರ್ವಜನಿಕ ಸಭೆ. ಹೊಸದಾಗಿ ಬಂದಿದ್ದ ಕಮಿಷನರ್ ಮೇಡಂ ವೇದಿಕೆ ಮೇಲೆ ಕೂತು, “ಓದೋರು ಯಾರಿದ್ದಾರೆ?” ಎಂದರು. ಮೂರನೆಯ ಮೇಜು ಖಾಲಿ. “ನಿಮ್ಮ ಕಂಠ ಚೆನ್ನಾಗಿದೆಯಂತೆ, ನೀವೇ ಓದಿ,” ಎಂದು ಕಟ್ಟನ್ನು ಸೀಲಪ್ಪನವರ ಕೈಗಿತ್ತರು. ಶಾಲೆಯಲ್ಲಿದ್ದಾಗ ನಾಟಕದಲ್ಲಿ ಎರಡು ಸಲ ಮಂತ್ರಿಯಾಗಿದ್ದವರು ಅವರು. ಗಂಟಲು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತರು.

ಮೊದಲ ಹನ್ನೆರಡು ಕಾಗದಗಳಿಗೆ ಜನ ಆಕಳಿಸಿದರು. ಹದಿಮೂರನೆಯದು ಟೈಪು ಮಾಡಿಸಿದ್ದು.

“‘ಮಾನ್ಯರೇ, ನಿಮ್ಮ ಬಿಸಿಲಿನ ಯೋಜನೆ ಓದಿದೆ. ಅದರಲ್ಲಿ ಆಸ್ಪತ್ರೆಯ ವಿಷಯವಿದೆ, ಬಸ್ ನಿಲ್ದಾಣದ ನೆರಳಿದೆ, ಕುಡಿಯುವ ನೀರಿದೆ. ಮನೆಯ ಯಜಮಾನರ ವಿಷಯ ಇಲ್ಲ. ಅದಕ್ಕೆ ಬರೆಯುತ್ತಿದ್ದೇನೆ.’”

ಜನ ಎದ್ದು ಕೂತರು. ಸೀಲಪ್ಪನವರಿಗೂ ಹುರುಪು ಬಂತು.

“‘ನಮ್ಮ ಮಹಡಿ ಮೇಲೆ ಒಂದೇ ಕೋಣೆ. ಹೋದ ಬೇಸಿಗೆಯಲ್ಲಿ ಅಲ್ಲಿ ಒಬ್ಬ ವಯಸ್ಸಾದವರಿದ್ದರು. ತಾರಸಿಗೆ ಸುಣ್ಣ ಬಳಿದರೆ ಕೋಣೆ ತಂಪಾಗುತ್ತದೆಂದು ಪೇಪರಿನಲ್ಲಿ ಓದಿ ಯಜಮಾನರಿಗೆ ಹೇಳಿದೆ. ನೋಡೋಣ ಎಂದರು.’” ಸೀಲಪ್ಪನವರು ಆ ‘ನೋಡೋಣ’ವನ್ನು ಎಳೆದು, ಹುಬ್ಬೇರಿಸಿ, ಅಂಗೈ ತಿರುಗಿಸಿ ಹೇಳಿದರು. ಸಭೆ ಗೊಳ್ಳೆಂದಿತು. “‘ಸುಣ್ಣ ಆಗದಿದ್ದರೆ ಮಂಚವನ್ನಾದರೂ ಕೆಳಗೆ ಹಾಲ್‌ನಲ್ಲಿ ಹಾಕೋಣ ಎಂದೆ. ಟಿವಿಗೆ ಅಡ್ಡ ಬರುತ್ತದೆ, ನೋಡೋಣ ಎಂದರು.’”

“ಟಿವಿಗೆ ಬೆಣ್ಣೆ, ಮುದುಕರಿಗೆ ಸುಣ್ಣ!” ಎಂದು ಯಾರೋ ಕೂಗಿದರು.

“ಆ ಸುಣ್ಣಾನೂ ಕೊಡಲಿಲ್ಲವಲ್ಲ ಸ್ವಾಮಿ, ಮಹಾನುಭಾವ!” ಎಂದು ಸೀಲಪ್ಪನವರು ಮೈಕಿನಲ್ಲೇ ಸೇರಿಸಿದರು. ಚಪ್ಪಾಳೆಯೋ ಚಪ್ಪಾಳೆ. ನಗುತ್ತಿರುವಾಗಲೇ ಅವರಿಗೆ ತಮ್ಮ ಮನೆಯ ಟಿವಿ ನೆನಪಾಯಿತು. ಹಾಲ್‌ನಲ್ಲಿ ಟಿವಿ ಯಾರ ಮನೆಯಲ್ಲಿಲ್ಲ, ಎಂದುಕೊಂಡು ಮುಂದಿನ ಸಾಲಿಗೆ ಹೋದರು.

“‘ಆ ವಯಸ್ಸಾದವರು ದರ್ಜಿಯಾಗಿದ್ದರು. ಮಧ್ಯಾಹ್ನ ಮೂರೂವರೆಯಿಂದ ಕಿಟಕಿಯ ಬಿಸಿಲು ಗೋಡೆ ಮೇಲೆ ಎಲ್ಲಿಗೆ ಬಂತೆಂದು ಅರ್ಧ ಗಂಟೆಗೊಂದು ಗೆರೆ ಎಳೆಯುತ್ತಿದ್ದರು, ಬಟ್ಟೆ ಗುರುತು ಮಾಡುವ ನೀಲಿ ಸೀಮೆಸುಣ್ಣದಿಂದ. ಗೆರೆ ನೋಡಿಕೊಂಡು ಮಂಚ ಸರಿಸುತ್ತಿದ್ದರು. ಅದನ್ನು ನನ್ನ ಬಾಯಿಂದ ಕೇಳಿ, ಗೋಡೆ ಹಾಳಾಗುತ್ತೆ, ಗೀಚಬೇಡಿ ಅಂತ ಹೇಳು ಎಂದರು ಯಜಮಾನರು.’”

ಸೀಲಪ್ಪನವರ ಕಂಠ ಚೆನ್ನಾಗಿಯೇ ಇತ್ತು, ಆದರೆ ಅದು ಈಗ ಬೇರೆ ಯಾರದೋ ಆಗಿತ್ತು. ನಿಲ್ಲಿಸೋಣವೆಂದರೆ ಸಭೆಯ ಕಣ್ಣೆಲ್ಲ ಅವರ ಬಾಯ ಮೇಲೆ. ಕಾಗದದ ಬಲಮೂಲೆಯಲ್ಲಿ ಅವರದೇ ಸೀಲು, ಸ್ವಲ್ಪ ಸೊಟ್ಟಗೆ ಬಿದ್ದದ್ದು. ಕೆಳಗೆ ಅವರದೇ ಎರಡಕ್ಷರ.

“‘ನಾನು ದಿನಾ ಹೇಳಿದೆ. ಅವರು ಮಾತ್ರ, ಬಿಡಮ್ಮ, ಅಳಿಯಂದಿರಿಗೆ ಕೆಲಸ ಜಾಸ್ತಿ, ತೊಂದರೆ ಕೊಡಬೇಡ ಎನ್ನುತ್ತಿದ್ದರು. ಕೊನೆಯ ದಿನ ಗೋಡೆ ಮೇಲೆ ನಾಲ್ಕರ ಗೆರೆ ಇದೆ, ನಾಲ್ಕೂವರೆಯದು ಇದೆ. ಐದರದು ಇಲ್ಲ.’”

ಸೀಲಪ್ಪನವರು ಹಾಳೆ ಮಗುಚಿದರು.

“‘ನನ್ನ ಸಲಹೆ ಒಂದೇ. ನಿಮ್ಮ ಯೋಜನೆಯಲ್ಲಿ ನೋಡೋಣ ಎಂಬ ಅರ್ಥದ ಮಾತು ಎಲ್ಲೆಲ್ಲಿದೆಯೋ ಅದನ್ನೆಲ್ಲ ಹೊಡೆದುಹಾಕಿ, ಅಲ್ಲೊಂದು ತಾರೀಕು ಬರೆಯಿರಿ. ಇಂತಿ, ಒಬ್ಬ ದರ್ಜಿಯ ಮಗಳು.’”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ತುಂಬಾ ಒಳ್ಳೆಯ ಸಲಹೆ. ಪರಿಶೀಲಿಸಲಾಗುವುದು,” ಎಂದರು.

“ಅಂದ್ರೆ ನೋಡೋಣ ಅಂತ!” ಎಂದಿತು ಹಿಂದಿನ ಸಾಲು.

ಮೇಡಂ ಮುಖ ಕೆಂಪಾಯಿತು. ಪೆನ್ನು ತೆಗೆದು, ಶಾಲೆಗಳ ತಾರಸಿಗೂ ಕೇಳಿದವರ ಮನೆ ತಾರಸಿಗೂ ಮುಂದಿನ ತಿಂಗಳ ಐದನೇ ತಾರೀಕಿನೊಳಗೆ ಸುಣ್ಣ ಎಂದು ಕರಡಿನ ಮೇಲೇ ಬರೆದು, ಗಟ್ಟಿಯಾಗಿ ಓದಿ, ಸಹಿ ಹಾಕಿದರು. ಜನ ಚಪ್ಪಾಳೆ ತಟ್ಟಿದರು. ಕೊನೆಯ ಸಾಲಿನಲ್ಲಿ ಕಿಟಕಿ ಪಕ್ಕ ಕೂತಿದ್ದ ಹೆಂಗಸೊಬ್ಬಳು ಮಾತ್ರ ತಟ್ಟಲಿಲ್ಲ. ಎದ್ದು, ಕೊಡೆ ಬಿಡಿಸಿಕೊಂಡು, ಬಿಸಿಲಿಗಿಳಿದು ಹೋದಳು. ಆ ಕೊಡೆಯ ಹರಿದ ಅಂಚಿಗೆ ಮಾವ ಹಾಕಿದ್ದ ಹೊಲಿಗೆ ವೇದಿಕೆಯಿಂದಲೇ ಸೀಲಪ್ಪನವರಿಗೆ ಗುರುತು ಸಿಕ್ಕಿತು.

ಆ ಸಂಜೆ ಮನೆಯಲ್ಲಿ ಅವಳು ಎಂದಿನಂತೆ ಬಡಿಸಿದಳು. ಅವರಿಗೆ ಎಂದಿನಂತೆ ಉಣ್ಣಲಾಗಲಿಲ್ಲ. “ಇವಳೇ…” ಎಂದರು. “ಹೂಂ,” ಎಂದಳು. ಮೂವತ್ತೊಂದು ವರ್ಷ ಸ್ವೀಕರಿಸಿ ಸ್ವೀಕರಿಸಿ ಅಭ್ಯಾಸವಾದವರಿಗೆ ಉತ್ತರ ಬರೆಯಲು ಬಾರದು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಸೀಲಪ್ಪನವರಿಗೆ ಬುದ್ಧಿಯ ಜೊತೆಗೆ ಎರಡು ಚೀಲ ಸುಣ್ಣವೂ ಬಂತು. ಭಾನುವಾರ ಬೆಳಿಗ್ಗೆ ಹೆಂಡತಿ ತರಕಾರಿಗೆ ಹೋದದ್ದೇ ತಡ, ಪಂಚೆ ಎತ್ತಿಕಟ್ಟಿ, ತಲೆಗೆ ಟವೆಲು ಸುತ್ತಿ ತಾರಸಿ ಏರಿದರು. ಬಳಿದರು ನೋಡಿ! ಐವತ್ತೇಳರ ಸೊಂಟ ಕಿರುಗುಟ್ಟಿದರೂ ಬಿಡದೆ ಒಂದರ ಮೇಲೊಂದು ಎರಡು ಕೈ ಬಳಿದರು. ಒಂದು ಸಲ ತಮ್ಮ ಸುತ್ತಲೂ ಬಳಿದುಕೊಂಡು ನಡುವೆ ಸಿಕ್ಕಿಬಿದ್ದು, ಒಂಟಿಕಾಲಲ್ಲಿ ಕುಪ್ಪಳಿಸಿ ಆಚೆಗೆ ಬಂದರು. ಮುಗಿದಾಗ ಇನ್ನೂ ಮುಕ್ಕಾಲು ಬಕೆಟ್ಟು ಉಳಿದಿತ್ತು.

ದಂಡ ಯಾಕೆ ಮಾಡಬೇಕು? ಕೋಣೆಯ ಒಳಗೂ ಬಳಿದುಬಿಟ್ಟರೆ ಇನ್ನೂ ತಂಪು. ಅವಳು ಬಂದು ನೋಡಿ, ಒಂದು ಮಾತು, ಒಂದೇ ಒಂದಕ್ಷರ ಅಂದರೂ ಸಾಕು.

ನೀಲಿ ಗೆರೆಗಳ ನೆನಪು ಅವರಿಗೆ ಇಲ್ಲದಿರಲಿಲ್ಲ. ಚೆನ್ನಾಗಿಯೇ ಇತ್ತು. ಕಿಟಕಿಯ ಬಿಸಿಲಿನ ಗೆರೆ ಎಂದ ಮೇಲೆ ಕಿಟಕಿಯ ಗೋಡೆ ಮೇಲೇ ಇರಬೇಕೆಂದು ಲೆಕ್ಕ ಹಾಕಿ, ಆ ಗೋಡೆಗೆ ಒಂದು ಹನಿಯೂ ಸಿಡಿಯದಂತೆ ಹಳೇ ಚಾದರ ಕಟ್ಟಿ ಕಾಪಾಡಿದರು. ಕನ್ನಡಕಕ್ಕೆ ಸುಣ್ಣ ಸಿಡಿದಿದ್ದರಿಂದ ಅದನ್ನು ತೆಗೆದಿಟ್ಟು ಉಳಿದ ಮೂರು ಗೋಡೆ ಬಳಿದರು. ಬಿಸಿಲು ಕಿಟಕಿಯಿಂದ ಬಂದು ಎದುರು ಗೋಡೆಗೆ ಬೀಳುತ್ತದೆಂಬುದು ಆ ಕೋಣೆಯಲ್ಲಿ ಒಂದು ಮಧ್ಯಾಹ್ನ ಕೂತ ಯಾರಿಗಾದರೂ ಗೊತ್ತಾಗುವ ವಿಷಯ. ಸೀಲಪ್ಪನವರು ಕೂತಿರಲಿಲ್ಲ.

ಮೆಟ್ಟಿಲ ಮೇಲೆ ಸದ್ದಾಯಿತು. ಬಾಗಿಲಲ್ಲಿ ತರಕಾರಿ ಚೀಲ ಕೆಳಗೆ ಬಿತ್ತು.

“ರೀ!”

ಸೀಲಪ್ಪನವರು ಹಿಗ್ಗಿ ತಿರುಗಿದರು.

“ರೀ, ಏನ್ ಮಾಡಿಟ್ರಿ ರೀ! ಆ ಗೋಡೆ… ಅಪ್ಪನ ಗೆರೆ ರೀ ಅದು! ದಿನಾ ಬಂದು ಮುಟ್ಟಿ ನೋಡ್ತಿದ್ದೆ ರೀ ನಾನು! ಬಳಿ ಅಂದಾಗ ಬಳೀಲಿಲ್ಲ, ಇವತ್ತು ಯಾರು ರೀ ನಿಮ್ಮನ್ನ ಕೇಳಿದ್ದು?”

ಅವಳು ಗೋಡೆಗೆ ಎರಡೂ ಅಂಗೈ ಒತ್ತಿಕೊಂಡು ಅತ್ತಳು. ಒದ್ದೆ ಸುಣ್ಣ ಕೈಗೆ ಬಂತೇ ಹೊರತು ನೀಲಿ ಬರಲಿಲ್ಲ. ಹನ್ನೊಂದು ತಿಂಗಳು ಕಟ್ಟಿಟ್ಟದ್ದೆಲ್ಲ ಆಮೇಲೆ ಒಡೆಯಿತು. ಸುಣ್ಣದಿಂದ ಮಂಚಕ್ಕೆ, ಮಂಚದಿಂದ ಟಿವಿಗೆ, ಟಿವಿಯಿಂದ ಇನ್ನೂ ಸೋರುತ್ತಿದ್ದ ಕೊಳಾಯಿಗೆ, ಕೊಳಾಯಿಯಿಂದ ಅವರ ಇಡೀ ವಂಶಕ್ಕೆ ಬೈಗಳು ಹರಿಯಿತು. ಸೀಲಪ್ಪನವರು ಬ್ರಷ್ಷು ಹಿಡಿದೇ ನಿಂತಿದ್ದರು. ಮೂಗಿನ ತುದಿಯಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು, ಕಣ್ಣಿಂದ ನೀರು. ಅವಳ ‘ರೀ’ ಕಿವಿಗೆ ಬೀಳುತ್ತಿದೆ ಎಂಬ ಸಮಾಧಾನವೂ, ಅದು ಯಾವುದಕ್ಕೆ ಬಂತೆಂಬ ಸಂಕಟವೂ ಒಟ್ಟಿಗೇ ಆಗಿ, ಅವರು ಬರಿಯ ಮಂಚದ ಮೇಲೆ ಕೂತರು.

“ಮಾವನ ಹತ್ತಿರ ಒಂದು ದಿನಾನೂ ಬಂದು ಕೂರಲಿಲ್ಲ ಕಣೇ ನಾನು,” ಎಂದರು. “ಯಾವ ಗೋಡೆ ಅಂತಾನೂ ಗೊತ್ತಿರಲಿಲ್ಲ.”

ಬಹಳ ಹೊತ್ತಾದ ಮೇಲೆ ಅವಳ ಅಳು ನಿಂತಿತು. ಕೋಣೆ ನಿಜಕ್ಕೂ ತಂಪಾಗಿತ್ತು. ಅದು ಇಬ್ಬರಿಗೂ ಗೊತ್ತಾಯಿತು. ಅವಳು ಎದ್ದು ಮೂಲೆಯಲ್ಲಿದ್ದ ಅಪ್ಪನ ಹೊಲಿಗೆ ಮಿಷಿನ್ನಿನ ಡ್ರಾಯರ್ ಎಳೆದು, ಗುಂಡಿ ದಾರಗಳ ನಡುವಿನಿಂದ ಉಗುರಿನಷ್ಟಾಗಿದ್ದ ನೀಲಿ ಸೀಮೆಸುಣ್ಣ ತೆಗೆದಳು.

“ಇನ್ನು ಇಪ್ಪತ್ತಾರು ದಿನಕ್ಕೆ ವರ್ಷ ತುಂಬುತ್ತೆ, ಬಿಸಿಲು ಅದೇ ಜಾಗಕ್ಕೆ ಬರುತ್ತೆ,” ಎಂದಳು, ಅವರಿಗಲ್ಲ, ಗೋಡೆಗೆ ಹೇಳುವ ಹಾಗೆ.

ಸೀಲಪ್ಪನವರು ಧಡಕ್ಕನೆ ಎದ್ದರು. “ಅವತ್ತು ರಜಾ ಹಾಕ್ತೀನಿ. ಮೂರು ಗಂಟೆಗೇ ಬಂದು ಇಲ್ಲೇ ಕೂರ್ತೀನಿ. ಗೆರೆ ನಾನೇ ಎಳೀತೀನಿ, ನೀನು ಗಡಿಯಾರ ಹಿಡ್ಕೋ. ಖಂಡಿತ ಬರ್ತೀನಿ ಕಣೇ. ನಂಬ್ತೀಯಾ?”

ಅವಳು ಸೀಮೆಸುಣ್ಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬಿದ್ದಿದ್ದ ತರಕಾರಿ ಒಂದೊಂದಾಗಿ ಆರಿಸಿ ಚೀಲಕ್ಕೆ ತುಂಬಿ, ಮೆಟ್ಟಿಲ ಬಳಿ ಒಮ್ಮೆ ನಿಂತಳು.

“ನೋಡೋಣ,” ಎಂದಳು.