ಡಾಕ್ಟ್ರು ಅಂದ ಕೊಬ್ಬು

ನಾಗಲಕ್ಷ್ಮಮ್ಮ: ನನ್ನ ಮೊಮ್ಮಗಳಿಗೆ ಕೊಬ್ಬು ಅಂದ್ರ ಸುಮ್ಮನ ಬರ್ಲೇನು? "ಕೊಬ್ಬು ನಿನಗ, ನಿಮ್ಮ ವಂಶಕ್ಕ" ಅಂತ ಮಕದ ಮ್ಯಾಲ ಅಂದೇ ಬಂದೆ.

ಯರ್ರಿಸ್ವಾಮಿ: ಡಾಕ್ಟ್ರಿಗೇನವ್ವಾ?

ನಾಗಲಕ್ಷ್ಮಮ್ಮ: ಮತ್ತ ಕಾಂಪೌಂಡ್ರಿಗೇನು? ಅಷ್ಟು ಮಂದಿ ಮುಂದ "ಪಾಪಕಿ ಕೊವ್ವು ಪಟ್ಟಿಂದಿ" ಅಂದ, ಕೂಸಿಗೆ ಕೊಬ್ಬು ಹಿಡದೈತಿ ಅಂತ. ನನಗ ತೆಲುಗು ಬರಲ್ಲ ಅನ್ಕೊಂಡಿರಬೇಕು.

ಆಂಧ್ರದ ಗಡಿಯ ರಾಯದುರ್ಗದಲ್ಲಿ ಯರ್ರಿಸ್ವಾಮಿಯ ಮನೆಯ ಪಡಸಾಲೆಯೇ ಜೀನ್ಸ್ ಹೊಲಿಯುವ ಅಂಗಡಿ. ಹನ್ನೊಂದು ವರ್ಷದ ಮಗಳು ಶಿರಿಷಾ ಹೊಟ್ಟೆನೋವು ಅನ್ನತೊಡಗಿ ತಿಂಗಳಾಗಿತ್ತು. ಆರ್ಡರ್ ಅವಸರದಲ್ಲಿ ಗಂಡ ಹೆಂಡತಿಗೆ ಬಿಡುವಿಲ್ಲದೆ, ಅಜ್ಜಿಯನ್ನೇ ಜೊತೆಮಾಡಿ ಆಸ್ಪತ್ರೆಗೆ ಕಳಿಸಿದ್ದರು. ಅಜ್ಜಿ ಸ್ಕ್ಯಾನಿಂಗ್ ಕವರನ್ನೂ ಜಗಳವನ್ನೂ ಒಟ್ಟಿಗೆ ಹೊತ್ತು ಬಂದಿದ್ದಳು. ಸೊಸೆ ಶ್ರೀಲತಾ ಕವರ್ ಬಿಚ್ಚಿ ಓದಿದಳು.

ಶ್ರೀಲತಾ: ಅತ್ತೀ, ಅದು ಸೊಕ್ಕಿನ ಕೊಬ್ಬಲ್ರಿ. ಫ್ಯಾಟಿ ಲಿವರ್ ಅಂತ ಬರದಾರ. ಲಿವರಿಗೆ ಕೊಬ್ಬು ಕುಂತೈತಿ.

ಯರ್ರಿಸ್ವಾಮಿ: ಲಿವರಾ? ಅದು ಕುಡಿಯೋರಿಗೆ ಬರೋದಲ್ಲೇನು?

ನಾಗಲಕ್ಷ್ಮಮ್ಮ: ಅದನ್ನೂ ಕೇಳಿದ! "ಪಾಪ ದಿನಾ ಏನು ಕುಡೀತಾಳ" ಅಂತ! ನಮ್ಮ ಮನ್ಯಾಗ ಗಂಡಸ್ರೇ ಮುಟ್ಟಲ್ಲ, ಕೂಸಿನ್ನ ಕೇಳ್ತೀಯಾ ಅಂತ ಎದ್ದು ನಿಂತೆ.

ಶ್ರೀಲತಾ: ಗಂಡಸ್ರು ಮುಟ್ಟಲ್ಲ ಅಂತ ಹೆಂಗ ಹೇಳ್ತೀರಿ? ಸಂಜಿಗೆ ಅಂಗಡೀಗೆ ಬರ್ತಾನಲ್ಲ ಇವರ ದೋಸ್ತ ಜಂಬಯ್ಯ, ಅವನ ಚೀಲದಾಗ ಬಾಟ್ಲಿ ಇರ್ತೈತಿ.

ಯರ್ರಿಸ್ವಾಮಿ: ಅದು ಮಿಷನ್ನಿಗೆ ಹಾಕೋ ಎಣ್ಣಿ ಕಣೇ!

ಶಿರಿಷಾ: ಅಮ್ಮ, ಡಾಕ್ಟ್ರು ಕೇಳಿದ್ದು ಕೂಲ್ ಡ್ರಿಂಕ್. ಕುಡುಕರಿಗಷ್ಟ ಬರೋದಲ್ಲಂತ. ಸಿಹಿ ನೀರು ಕುಡಿದ್ರೂ ಬರ್ತೈತಂತ.

ಯರ್ರಿಸ್ವಾಮಿ ತುಳಿಯುತ್ತಿದ್ದ ಹೊಲಿಗೆ ಮಿಷನ್ ನಿಂತಿತು.

ಶ್ರೀಲತಾ: ನಿನಗ ಕೂಲ್ ಡ್ರಿಂಕ್ ಯಾರು ಕೊಡಿಸ್ತಾರ?

ಹುಡುಗಿ ಅಪ್ಪನನ್ನು ನೋಡಿದಳು. ಅಪ್ಪ ಸೂಜಿಯ ಕಣ್ಣು ಹುಡುಕತೊಡಗಿದ.

ಯರ್ರಿಸ್ವಾಮಿ: ಸಾಲಿ ಬಿಟ್ಟು ಬಿಸಿಲಾಗ ಬರ್ತಾಳ, ಬಾಯಾರಿರ್ತೈತಿ... ಒಂದ, ಸಣ್ಣದು.

ಶಿರಿಷಾ: ಎರಡಪ್ಪ.

ಶ್ರೀಲತಾ: ದಿನಾ?

ಯರ್ರಿಸ್ವಾಮಿ: ಐತವಾರ ಇಲ್ಲ.

ಶಿರಿಷಾ: ಐತವಾರ ದೊಡ್ಡದು ತರ್ತೀಯಲ್ಲ!

ನಾಗಲಕ್ಷ್ಮಮ್ಮ: ಅಯ್ಯ ನಿನ್ನ! ಕೂಸಿಗೆ ಅಂಥಾದ್ದು ಕೊಡ್ತಾರೇನು?

ಶಿರಿಷಾ: ಅಜ್ಜಿ ಬೇಕರಿ ಬನ್ನು ಕೊಡ್ತಾಳ. ಮ್ಯಾಲ ಸಕ್ಕರಿ. "ಅಮ್ಮಗ ಹೇಳಬ್ಯಾಡ" ಅಂತಾಳ.

ನಾಗಲಕ್ಷ್ಮಮ್ಮ: ಹಂಗಾದ್ರ ಯಾಕ ಹೇಳ್ದಿ?

ಶ್ರೀಲತಾ: ತಾಯಿ ಒಂದು ಕಡಿ, ಮಗ ಒಂದು ಕಡಿ ತುಂಬಿಸ್ಯಾರ. ನಾನೊಬ್ಬಾಕಿ ರಾಗಿ ಮುದ್ದಿ ಮಾಡಿ ಉಣ್ಣಾಕ ಬಾ ಅಂತ ಒಲೀ ಮುಂದ ಕೂಗ್ತಿರ್ತೀನಿ!

ಶಿರಿಷಾ: ಆಟ ಯಾವಾಗ ಆಡ್ತಿ ಅಂತನೂ ಕೇಳಿದ್ರಮ್ಮ. ಐದರಿಂದ ಎಂಟರ ತನ ಟ್ಯೂಷನ್, ಆಮ್ಯಾಲ ನೀನು ಫೋನ್ ಕೊಟ್ಟು ಉಣ್ಣಿಸ್ತೀ ಅಂದೆ. ಕುಂತಲ್ಲೇ ಕುಂದ್ರೋದೂ ಒಂದು ಕಾರಣಂತ.

ಶ್ರೀಲತಾ ಸ್ಕ್ಯಾನಿಂಗ್ ಹಾಳೆಯನ್ನು ಮತ್ತೊಮ್ಮೆ ಓದತೊಡಗಿದಳು. ಯರ್ರಿಸ್ವಾಮಿಯ ಮುಖಕ್ಕೆ ಕಳೆ ಬಂತು.

ಯರ್ರಿಸ್ವಾಮಿ: ಅಂದ್ರ ಮೂರೂ ಮಂದಿ ಪಾಲೈತಿ.

ನಾಗಲಕ್ಷ್ಮಮ್ಮ: ನನಗ ಸಕ್ಕರಿ ಕಾಯಿಲಿ ಐತಂದ್ರ, "ವಂಶದಾಗಿಂದಾನೂ ಬರಬಹುದು" ಅಂದ. ವಂಶದ ಮಾತು ಎತ್ತಿದ ಕೂಡ್ಲೇ ಇನ್ನೊಂದು ಸಲ ಬೈದೆ.

ಶಿರಿಷಾ ನಗಲಿಲ್ಲ. ಫ್ರಾಕಿನ ಅಂಚು ತಿರುಚುತ್ತಾ ಕೇಳಿದಳು.

ಶಿರಿಷಾ: ಅಪ್ಪ, ಲಿವರ್ ಕೆಟ್ರ ಸಾಯ್ತಾರಲ್ಲ? ಪಕ್ಕದ ಮನಿ ಓಬುಲೇಶ್ ಮಾವ ಕುಡಿದು ಸತ್ತನಲ್ಲ, ಹಂಗ ನಾನೂ...

ಶ್ರೀಲತಾ ಮಗಳನ್ನು ಎಳೆದು ಒಡಲಿಗೆ ಅವುಚಿಕೊಂಡಳು. ಯರ್ರಿಸ್ವಾಮಿ ಸ್ಟೂಲಿನಿಂದ ಇಳಿದು ನೆಲದ ಮೇಲೆ ಕುಳಿತ.

ಯರ್ರಿಸ್ವಾಮಿ: ಡಾಕ್ಟ್ರು ಏನಂದ್ರು ಮಗಳೇ? ಪೂರ್ತಿ ಹೇಳು.

ಶಿರಿಷಾ: ಈಗಿಂದಾನೇ ಊಟ ಸರಿ ಮಾಡ್ಕೊಂಡು ಓಡಾಡಿದ್ರ ಕಮ್ಮಿ ಆಗ್ತೈತಂತ. ಸಣ್ಣ ವಯಸ್ಸು, ಹೆದರಬ್ಯಾಡ ಅಂದ್ರು.

ನಾಗಲಕ್ಷ್ಮಮ್ಮ (ಕಣ್ಣೊರೆಸಿಕೊಂಡು): ಹಂಗಂದನೇನು? ನಾನು ಬೈಯೋ ಗದ್ದಲದಾಗ ಕೇಳಿಸ್ಲಿಲ್ಲ. ಒಳ್ಳೇ ಹುಡುಗ, ಪಾಪ.

ಶಿರಿಷಾ: ಚೀಟಿನೂ ಬರದಾರ. ನೋಡಪ್ಪ.

ಯರ್ರಿಸ್ವಾಮಿ ಚೀಟಿಯನ್ನು ಬೆಳಕಿಗೆ ಹಿಡಿದ.

ಯರ್ರಿಸ್ವಾಮಿ: ಮ್ಯಾಲಿಂದ ಒಂದಕ್ಷರ ತಿಳೀವಲ್ದು. ಕೊನೀ ಸಾಲು ಮಾತ್ರ ಗುಂಡಗ ಐತಿ. "ಟ್ಯೂಷನ್ ಬಂದ್. ದಿನಾ ಸಂಜಿ ಆಟ." ತೆಲುಗು ಡಾಕ್ಟ್ರು, ಕನ್ನಡ ಯಾವಾಗ ಕಲ್ತ್ರು?

ಶಿರಿಷಾ ಫ್ಯಾನ್ ನೋಡುತ್ತಿದ್ದಳು. ಅಪ್ಪ ಮಗಳನ್ನು ನೋಡಿದ. ಮೀಸೆ ಅಲುಗಿತು.

ಯರ್ರಿಸ್ವಾಮಿ: ಕಲ್ತಿರಬೇಕು ಬಿಡು. ಈ ಊರಾಗ ಎಲ್ರಿಗೂ ಎರಡೂ ಬರ್ತಾವ. ಡಾಕ್ಟ್ರ ಮಾತು ಮೀರಬಾರದು, ಶ್ರೀಲತಾ.

ಶ್ರೀಲತಾ ಚೀಟಿ ಇಸಿದುಕೊಂಡು ಗಂಭೀರವಾಗಿ ಓದಿದಳು.

ಶ್ರೀಲತಾ: ಹೌದ್ರಿ, ಮೀರಬಾರದು. ಇಲ್ಲಿ ಇನ್ನೊಂದು ಸಾಲೂ ಐತಿ. "ತಂದಿ ದಿನಾ ಮಗಳ ಜೋಡಿ ಬೆಟ್ಟದ ಬುಡದ ತನ ಓಡಬೇಕು."

ಯರ್ರಿಸ್ವಾಮಿ (ತನ್ನ ಬೊಜ್ಜು ಹೊಟ್ಟೆ ಹಿಡಿದುಕೊಂಡು): ಎಲ್ಲೈತಿ? ನನಗ ಕಾಣ್ಲಿಲ್ಲ!

ಶ್ರೀಲತಾ: ಡಾಕ್ಟ್ರ ಸಹಿ ಕೆಳಗ, ನಿಮ್ಮ ಮಗಳು ಬರ್ದಾಳಲ್ಲ, ಅದರ ಕೆಳಗ. ಪೆನ್ನು ಕೊಡ್ರಿ, ಈಗ ಬರೀತೀನಿ.