ಮದಲಗಿತ್ತಿ ಇಲ್ಲದ ವೇದಭಾಗ

ಆರಾಧನೆಯಲ್ಲಿ ಹಾಡುವ ಪ್ರತಿಯೊಂದು ಕೀರ್ತನೆಯೂ ಅಂದು ಬೈಬಲಿನಿಂದ ಓದುವ ವೇದಭಾಗಕ್ಕೆ ಹೊಂದತಕ್ಕದ್ದು ಎಂಬ ನಿಯಮವು ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರದ ಚರ್ಚುಗಳ ಒಕ್ಕೂಟದಲ್ಲಿ ಜಾರಿಯಲ್ಲಿದೆ.

ಸುಮ್ಮನೆ ಮಾಡಿದ ನಿಯಮವಲ್ಲ. ಯೇಸು ಬಿರುಗಾಳಿಯನ್ನು ಗದರಿಸಿ ನಿಲ್ಲಿಸಿದ ಭಾಗ ಓದಿದ ಒಂದು ಭಾನುವಾರ, ಹಾಡುವವರು ಗಾಳಿಯನ್ನು ಬಾ ಬಾ ಎಂದು ಕರೆಯುವ ಕೀರ್ತನೆ ಹಾಡಿಬಿಟ್ಟರು. ಅದೇ ವಾರ ಯಲ್ದೂರಿನ ಕಡೆ ಗಾಳಿ ಎದ್ದು ಮಾವಿನಕಾಯಿ ನೆಲ ಕಂಡಿತು. ತೋಟದವರು ಚರ್ಚಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ಅಂದು ಹತ್ತಿ ಬಂದು ವಿವರಣೆ ಕೇಳಿದರು. ಹಿರಿಯರು ಕೂಡಲೇ ಕೀರ್ತನೆ ಹೊಂದಾಣಿಕೆ ಸಮಿತಿ ರಚಿಸಿದರು. ಹಾಡೆಲ್ಲ ಕೊನೆಗೆ ತಮ್ಮ ಸ್ಪೀಕರಿನಿಂದಲೇ ಹೊರಗೆ ಬರಬೇಕಾದ್ದರಿಂದ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅನಿಲ್‌ಕುಮಾರ್ ಅಧ್ಯಕ್ಷರಾದರು.

ಸಮಿತಿಯ ನಿಯಮಗಳು ಸರಳವಾಗಿವೆ. ವೇದಭಾಗದಲ್ಲಿ ಇಲ್ಲದ ವಸ್ತು, ವ್ಯಕ್ತಿ ಅಥವಾ ಪ್ರಾಣಿ ಕೀರ್ತನೆಯಲ್ಲಿ ಇರಕೂಡದು. ಸಮಿತಿ ಸೇರುವ ದಿನ ಅರ್ಜಿದಾರರು ಮಟನ್ ಬಿರಿಯಾನಿ ಒದಗಿಸತಕ್ಕದ್ದು. ಚಿಕನ್ ಆದಲ್ಲಿ ವಿಷಯವನ್ನು ಮುಂದೂಡಲಾಗುವುದು.

ಮಾಲೂರಿನ ಚರ್ಚಿನಲ್ಲಿ ಹಾಡಿಸುವ ಸುನಂದ ತಮ್ಮ ಮಗಳು ಮೇಘನಳ ಮದುವೆಗೆ ಒಂದೇ ಒಂದು ಹಾಡು ಕೇಳಿಕೊಂಡು ಸಮಿತಿಯ ಮುಂದೆ ಬಂದರು. ಹೊಸ ಮನೆಯ ಹೊಸ್ತಿಲು ದಾಟುವ ಮದಲಗಿತ್ತಿಯನ್ನು ಹರಸುವ ಹಳೆಯ ಕೀರ್ತನೆ ಅದು. ಸುನಂದರ ಮದುವೆಯಲ್ಲಿ ಅವರ ತಾಯಿ ನಿಂತು ಹಾಡಿದ್ದರು. ಈಗ ತಾಯಿ ಇಲ್ಲ. ಮಗಳಿಗೆ ಅದನ್ನು ತಾವೇ ಹಾಡಬೇಕೆಂಬ ಆಸೆಯಿಂದ ಸುನಂದರು ಎಷ್ಟೋ ದಿನ ಒಲೆಯ ಮುಂದೆ ಗಂಟಲು ಸರಿಮಾಡಿಕೊಂಡಿದ್ದರು. ವೇದಭಾಗ ಕಾನಾ ಊರಿನ ಮದುವೆಯದು. ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಸಂಗತಿ. ಮದುವೆಗೆ ಮದುವೆ, ಇನ್ನೇನು ಅಡ್ಡಿ ಎಂದುಕೊಂಡಿದ್ದರು.

ಅನಿಲ್‌ಕುಮಾರ್ ಕನ್ನಡಕ ಏರಿಸಿದರು. "ಸುನಂದಮ್ಮ, ಹಾಡು ಪೂರ್ತಿ ಮದಲಗಿತ್ತಿ ಮೇಲೈತೆ. ವೇದಭಾಗದಲ್ಲಿ ಮದಲಗಿತ್ತಿ ಎಲ್ಲವ್ಳೆ, ತೋರ್ಸಿ."

ಸುನಂದ ಹುಡುಕಿದರು. ಯೇಸುವಿನ ತಾಯಿ ಇದ್ದಳು. ಶಿಷ್ಯರು, ಆಳುಗಳು, ಊಟದ ಪಾರುಪತ್ಯಗಾರ ಇದ್ದರು, ನೀರು ತುಂಬುವ ಕಲ್ಲಿನ ಬಾನೆಗಳೂ ಇದ್ದವು. ಮದಲಿಂಗನೂ ಇದ್ದ. ಮದಲಗಿತ್ತಿ ಮಾತ್ರ ಇರಲಿಲ್ಲ.

"ಮದುವೆ ಅಂದ್ಮೇಲೆ ಇರ್ತಾಳಲ್ವಾ ಸಾರ್?"

"ಇರ್ಬೋದು. ಬರೆದಿಲ್ಲ."

"ಒಳಗೆಲ್ಲೋ ಕೂತಿದ್ಲೇನೋ, ಪಾಪಮು," ಎಂದರು ಮುಳಬಾಗಿಲಿನ ಸದಸ್ಯೆ ಶಾಮಲಮ್ಮ, ಬಿರಿಯಾನಿಯ ನಲ್ಲಿಮೂಳೆಯನ್ನು ತಟ್ಟೆಗೆ ಕುಟ್ಟುತ್ತಾ. ಊಹೆಗೆ ಅವಕಾಶವಿಲ್ಲವೆಂದು ಅಧ್ಯಕ್ಷರು ತಿಳಿಸಿದರು.

ವೇದಭಾಗವನ್ನೇ ಬದಲಾಯಿಸಬಹುದೇ ಎಂದು ಸುನಂದ ಕೇಳಿದರು. ಅದು ವೇದಪಾಠ ಸಮಿತಿಗೆ ಸೇರಿದ ವಿಷಯವೆಂದೂ, ಅದರ ಅಧ್ಯಕ್ಷರೂ ತಾವೇ ಎಂದೂ, ಅದಕ್ಕೆ ಬೇರೆ ಊಟ ಆಗಬೇಕೆಂದೂ ಅನಿಲ್‌ಕುಮಾರ್ ವಿವರಿಸಿದರು.

ಬಳಿಕ ಸಮಿತಿ ಹೊಂದುವ ಹಾಡನ್ನು ತಾನೇ ಹುಡುಕಿತು. ಕಲ್ಲಿನ ಬಾನೆಯ ಬಗ್ಗೆ ಯಾರೂ ಹಾಡು ಕಟ್ಟಿರಲಿಲ್ಲ. ದ್ರಾಕ್ಷಾರಸದ ಹಾಡನ್ನು ಗಂಡಿನ ಕಡೆಯವರು ಕುಡಿತದ ಹಾಡೆಂದು ತಪ್ಪು ತಿಳಿಯಬಹುದಿತ್ತು. ಉಳಿದದ್ದು ನೀರು. ಆಚೆ ದಡ ಸೇರಲು ತಣ್ಣನೆಯ ನದಿಯನ್ನು ದಾಟುವ ಕೀರ್ತನೆಯಲ್ಲಿ ಚರಣಚರಣಕ್ಕೂ ನೀರಿತ್ತು.

"ಸಾರ್, ಅದು ಮಣ್ಣಿಗೆ ಇಡೋವಾಗ ಹಾಡೋದು," ಎಂದರು ಸುನಂದ.

"ಯಾವಾಗ ಹಾಡ್ತಾರೆ ಅನ್ನೋದು ಸಮಿತಿ ವ್ಯಾಪ್ತಿಗೆ ಬರಲ್ಲಮ್ಮ. ನೀರು ಧಾರಾಳವಾಗೈತೆ. ಮದಲಗಿತ್ತಿ ಇಲ್ಲ. ಡ್ರಮ್ ಒಂದಿಟ್ರೆ ಅಲೆ ಸದ್ದು ಚೆನ್ನಾಗಿ ಬರುತ್ತೆ, ನಮ್ಮಲ್ಲೇ ಐತೆ."

ಮನೆಗೆ ಬಂದು ಹೇಳಿದಾಗ ಮೇಘನ ತಾಯಿಯನ್ನೇ ನೋಡಿದಳು. "ಅಮ್ಮಾ, ಮದುವೇಗೆ ನಾನು ಬರ್ಬೋದಂತಾ?"

"ಅದಕ್ಕೇನೂ ಅಂದಿಲ್ಲ ಕಣೇ," ಎಂದರು ಸುನಂದ.

ಮದುವೆಯ ದಿನ ನದಿಯ ಕೀರ್ತನೆ ಶುರುವಾದೊಡನೆ ಜನ ಅಭ್ಯಾಸಬಲದಿಂದ ತಲೆ ತಗ್ಗಿಸಿ ನಿಂತರು. ಮೇಘನ ಬೆಂಚುಗಳ ನಡುದಾರಿಯಲ್ಲಿ ಮೆಲ್ಲಗೆ ನಡೆದು ಬಂದಳು. ಕರ್ಚೀಫುಗಳು ಹೊರಬಂದವು. ಲಕ್ಕೂರಿನಿಂದ ಬಂದಿದ್ದ ಗಂಡಿನ ಕಡೆಯವರು, ಹುಡುಗಿಯ ಮೇಲೆ ಊರಿಗೆ ಇಷ್ಟೊಂದು ಪ್ರೀತಿಯಿದೆಯಲ್ಲ ಎಂದು ಸಂತೋಷಪಟ್ಟರು. ಆರಾಧನೆ ಮುಗಿದ ಮೇಲೆ ಎಲ್ಲರೂ ಸಾಲಾಗಿ ಬಂದು ಸುನಂದರ ಕೈ ಒತ್ತಿ, "ಧೈರ್ಯ ತಗೋಮ್ಮ," ಎಂದು ಹೇಳಿ ಊಟಕ್ಕೆ ಹೋದರು. ಸುನಂದ ನಿಜವಾಗಿಯೇ ಅಳುತ್ತಿದ್ದರು. ಹೆಣ್ಣು ಹೆತ್ತವರು ಅಳುವುದು ಸಹಜವಾದ್ದರಿಂದ ಕಾರಣವನ್ನು ಯಾರೂ ಕೇಳಲಿಲ್ಲ.

ಆ ಬಳಿಕ ಕೆಟ್ಟದ್ದೇನೂ ನಡೆಯಲಿಲ್ಲ. ಮೇಘನ ಲಕ್ಕೂರಿನಲ್ಲಿ ಚೆನ್ನಾಗಿದ್ದಾಳೆ. ಇದು ಹೊಂದಾಣಿಕೆಯ ಫಲವೆಂದು ಸಮಿತಿ ದಾಖಲಿಸಿ, ಸುನಂದರನ್ನು ಮಾಲೂರಿನ ಸದಸ್ಯೆಯನ್ನಾಗಿ ತೆಗೆದುಕೊಂಡಿತು.

ಮೊನ್ನೆ ಶ್ರೀನಿವಾಸಪುರದ ಅನಿತ ತಮ್ಮ ಮಗಳ ಮದುವೆಗೆಂದು ಸಮಿತಿಯ ಮುಂದೆ ಬಂದರು. ವೇದಭಾಗ ಅದೇ ಕಾನಾ ಊರಿನ ಮದುವೆಯದು, ಕೇಳಿದ್ದು ಅದೇ ಹೊಸ್ತಿಲಿನ ಹಾಡು. ಸುನಂದರಿಗೆ ತಾಯಿಯ ದನಿ ಕಿವಿಗೆ ಬಂದಂತಾಯಿತು. ಅಧ್ಯಕ್ಷರು ಅವರ ಕಡೆ ನೋಡಿದರು. ಸುನಂದ ಕನ್ನಡಕ ಏರಿಸಿದರು.

"ವೇದಭಾಗದಲ್ಲಿ ಮದಲಗಿತ್ತಿ ಎಲ್ಲವ್ಳೆ, ತೋರ್ಸಮ್ಮ."

ಅನಿತ ಹುಡುಕಿ ಹುಡುಕಿ ಸೋತರು. "ಇರ್ತಾಳಲ್ವಾ ಅಕ್ಕಾ?"

"ನಾನೂ ಹಂಗೇ ಅನ್ಕೊಂಡಿದ್ದೆ ಕಣಮ್ಮ. ನದೀದು ಹಾಡ್ಸು. ಎಲ್ರಿಗೂ ಬಾಯಿಗೆ ಬರುತ್ತೆ."

ಅನಿತ ಒಪ್ಪಿದರು. ಕೊನೆಯ ಚರಣವನ್ನು ಮಾತ್ರ ಎರಡು ಸಲ ಹಾಡಿಸಬೇಕೆಂದು ಕೇಳಿಕೊಂಡರು. ಮೇಘನಳ ಮದುವೆಯಲ್ಲಿ ಜನ ಅಲ್ಲೇ ಹೆಚ್ಚು ಅತ್ತಿದ್ದರಂತೆ.