ಕೊಬ್ಬರಿ ಸಾಹುಕಾರರ ಕರೆಂಟು ಉಳಿತಾಯ

ಮಹಾರಾಜರ ಕಾಲ, ದುರ್ಗಕ್ಕೆ ಕರೆಂಟು ಬಂದ ಹೊಸತು. ನಾನು ಮನೆಮನೆಗೆ ತಂತಿ ಎಳೆಯುತ್ತಿದ್ದವನು. ಕರೆಂಟಿನ ಖರ್ಚು ಉಳಿಸುವ ಮಾತು ಬಂದರೆ ಎಂಥ ದೊಡ್ಡ ಮನುಷ್ಯನ ತಲೆಯೂ ಕೆಡುತ್ತದೆ ಎಂಬುದನ್ನು ದಿನಾ ನೋಡುತ್ತಿದ್ದೆ. ಅದರಲ್ಲೂ ಪೇಟೆಯ ಕೊಬ್ಬರಿ ಸಾಹುಕಾರರೊಬ್ಬರೇ ನನ್ನನ್ನು ಸಾಕುಸಾಕು ಮಾಡಿಬಿಟ್ಟಿದ್ದರು.

ಹಗಲು ದೀಪ

ಆಗ ಮೀಟರಿಲ್ಲ. ಎಷ್ಟು ಹೊತ್ತು ಉರಿಸಿದರೂ ಬಲ್ಬಿಗೆ ಇಷ್ಟು ಎಂದು ತಿಂಗಳ ಬಾಡಿಗೆ. ಸಾಹುಕಾರರು ಮಟಮಟ ಮಧ್ಯಾಹ್ನ ಬಲ್ಬು ಉರಿಸಿ, ಹೆಗಲ ಮೇಲಿನ ವಲ್ಲಿಯನ್ನು ಕಣ್ಣಿಗೆ ಕಟ್ಟಿಕೊಂಡು ಅದರಡಿ ಮಲಗಿರುತ್ತಿದ್ದರು.

"ಆರಿಸಬಾರದೇನ್ರಿ?" ಎಂದೆ.

"ಬಾಡಿಗೆ ಎತ್ತು ತಂದು ಕೊಟ್ಟಿಗ್ಯಾಗೆ ಕಟ್ಟಾಕ್ತಾರೇನಪ್ಪ?" ಎಂದು ಮಗ್ಗುಲು ಬದಲಿಸಿದರು.

ಮೀಟರಿನ ಕಾವಲು

ಆಮೇಲೆ ಮೀಟರು ಬಂತು. ಉರಿಸಿದಷ್ಟಕ್ಕೆ ಹಣ. ಒಂದು ಸಂಜೆ ಹೋದರೆ ಮನೆಯೆಲ್ಲ ಕತ್ತಲು, ಮೀಟರಿನ ಮುಂದೆ ಮಾತ್ರ ಎರಡು ಲಾಟೀನು ಹಚ್ಚಿಟ್ಟುಕೊಂಡು ಸಾಹುಕಾರರು ಕೂತಿದ್ದಾರೆ.

"ಇದೇನ್ರಿ?"

"ಚಕ್ರ ಕದ್ದು ತಿರುಗ್ತೈತೇನೋ ಅಂತ ನೋಡ್ತಾ ಇದೀನಿ."

"ಸೀಮೆಎಣ್ಣೆ ದಂಡ ಆಗ್ತಿಲ್ವೇನ್ರಿ?"

"ಅದು ಎಣ್ಣೆ ಲೆಕ್ಕ ಕಣಪ್ಪ. ಕರೆಂಟಿಗೆ ಯಾಕೆ ಸೇರಿಸ್ತೀಯ?"

ಗೋಡೆಯ ತೂತು

ಕೊನೆಗೆ ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ತೂತು ಕೊರೆಸಿ, ಅದರೊಳಗೆ ಬಲ್ಬು ಕೂರಿಸಿದರು. ಒಂದು ಬಲ್ಬಿಗೆ ಎರಡು ಕೋಣೆ. ಬೆಳಕೆಲ್ಲ ಬಂದವರ ಎದುರಿಗೆ, ಪಡಸಾಲೆಗೆ. ಅಡುಗೆಮನೆಗೆ ಬರೀ ಬಲ್ಬಿನ ಬೆನ್ನು. ಬೇಳೆಯ ಕಲ್ಲು ಕಾಣದೆ ಮಗಳು ದಿನಾ ಅಪ್ಪನಿಂದ ಬೈಸಿಕೊಳ್ಳುತ್ತಿದ್ದಳು. ನನಗಂತೂ ಆ ಹುಡುಗಿಯನ್ನು ಕಂಡರೆ ಪಾಪ ಅನ್ನಿಸುತ್ತಿತ್ತು.

ಅವಳನ್ನು ನೋಡಲು ಹಿರಿಯೂರಿನಿಂದ ಗಂಡಿನ ಕಡೆಯವರು ಬಂದರು. ಹಿಂದೊಂದು ಸಂಬಂಧ ತಪ್ಪಿತ್ತು. ಇದೂ ತಪ್ಪಿದರೆ ತಲೆ ಎತ್ತುವಂತಿಲ್ಲ ಎಂಬುದು ಸಾಹುಕಾರರ ಚಿಂತೆ. ದೀಪ ಕೈಕೊಟ್ಟೀತೆಂದು ನನ್ನನ್ನೂ ಕರೆಸಿ ಮೂಲೆಯಲ್ಲಿ ಕೂರಿಸಿದ್ದರು. ಹುಡುಗಿ ಬಂದು ನಮಸ್ಕಾರ ಮಾಡಿ ಅಡುಗೆಮನೆಗೆ ಹೋದಳು.

"ನಮ್ಮ ಹುಡ್ಗಿ ಬಾಯೇ ಬಿಡಾದಿಲ್ರಿ," ಎಂದು ಸಾಹುಕಾರರು ಹೊಗಳುತ್ತಿರುವಾಗಲೇ ತೂತಿನಿಂದ ಬೆಳಕಿನ ಜೊತೆಗೆ ಮಾತೂ ಬಂತು.

ಮೊದಲು ಅವಳ ತಾಯಿಯದು: "ಹುಡುಗ ಒಪ್ಪಿಗೆ ಆದ್ನೇನೇ?"

"ಹುಡುಗ ಹೆಂಗಾದ್ರೂ ಇರ್ಲಿ. ಅವರ ಅಡುಗೆಮನ್ಯಾಗೆ ಬೇರೆ ದೀಪ ಐತಾ, ಅದನ್ನ ಕೇಳವ್ವ."

ಸಾಹುಕಾರರು ಜೋರಾಗಿ ಕೆಮ್ಮತೊಡಗಿದರು. ಗಂಡಿನ ತಾಯಿ ನಿಧಾನಕ್ಕೆ ಎದ್ದು, ಗೋಡೆಯ ಹತ್ತಿರ ಹೋಗಿ, ತೂತಿಗೆ ಬಾಯಿಟ್ಟರು.

"ಎರಡವೆ ಕಣವ್ವ. ಬಂದ್ಬಿಡು."